ಓತಿಕ್ಯಾತದ ಕಥೆಗೆ ಹತ್ತಕ್ಕೆ ಆರು

೧೯೨೮ ಜೂನ್ ೧೮, ಮಡಕಶಿರಾ

ಬಂದು ಬಿದ್ದೆ. ರಾಯದುರ್ಗದಿಂದ ಬಳ್ಳಾರಿ, ಬಳ್ಳಾರಿಯಿಂದ ಗುಂತಕಲ್ಲು, ಅಲ್ಲಿಂದ ಹಿಂದೂಪುರದ ತನಕ ರೈಲು. ಆಮೇಲೆ ಮೋಟಾರು. ಮೋಟಾರಿನಲ್ಲಿ ನನ್ನ ಮಗ್ಗುಲಿಗೆ ಒಂದು ಹೋತ ನಿಂತಿತ್ತು. ಇಳಿಸಪ್ಪಾ ಅಂದರೆ ಅದರ ಧಣಿ, "ಅದ್ಕೂ ಟಿಕೀಟು ತಗಂಡಿವ್ನಿ ಕಣಮ್ಮ" ಅಂದ. ಈ ಸೀಮೆಯ ಮಂದಿ ನನಗೆ ಆಡಿದ ಮೊದಲ ಮಾತು ಇದು.

ಹೆಣ್ಣುಮಕ್ಕಳ ಟ್ರೈನಿಂಗ್ ಶಾಲೆಗೆ ಗಂಡಸು ಸೂಪರಿಂಟೆಂಡೆಂಟು. ಹೆಸರು ನರಸಿಂಹಯ್ಯ. ನನ್ನ ವರ್ಗದ ಹುಕುಮನ್ನು ಎರಡು ಸಲ ಓದಿ ಕನ್ನಡಕದ ಮೇಲಿಂದ ನೋಡಿದ.

"ರಾಯದುರ್ಗದಲ್ಲಿ ಇನ್ಸ್‌ಪೆಕ್ಟರಿಗೆ ಎದುರು ಮಾತಾಡಿದ ದ್ರಾಕ್ಷಾಯಣಮ್ಮ ನೀವೇನೋ?"

"ಅವರು ವ್ಯಾಕರಣ ತಪ್ಪು ಹೇಳಿದ್ರು. ತಿದ್ದೀನ್ರಿ, ಅಷ್ಟ."

"ಇಲ್ಲಿ ಆ ತಿದ್ದೋ ಕೆಲಸ ಇಟ್ಕೋಬೇಡಿ. ಒಂದು ವರ್ಷ ಸುಮ್ಮನಿದ್ರೆ ವಾಪಸು ಕಳಿಸೋ ಏರ್ಪಾಟು ನೋಡೋಣ."

ಸುಮ್ಮನಿರುತ್ತೇನೆ. ರಾಯದುರ್ಗದಲ್ಲಿ ತಮ್ಮ ಉಜ್ಜಿನಪ್ಪನ ಮನೆಯ ಮಹಡಿ ಕೋಣೆ ನನ್ನದು. ಗಂಡ ತೀರಿಕೊಂಡಾಗಿನಿಂದ ಆ ಕೋಣೆಯಿಂದಲೇ ಶಾಲೆಗೆ ಹೋಗಿ ಬಂದವಳು. ಅದರೊಳಗೆ ಯಾರನ್ನೂ ಬಿಡಬೇಡ ಅಂತ ಹೇಳಿ ಬಂದಿದ್ದೇನೆ. ಒಂದು ವರ್ಷ ಹಲ್ಲು ಕಚ್ಚಿಕೊಂಡರೆ ಆಯಿತು.

ಇಲ್ಲಿ ನನ್ನ ಬಾಡಿಗೆ ಕೋಣೆ ಮೈಲಾರಮ್ಮ ಎಂಬ ಮುದುಕಿಯ ಮನೆಯಲ್ಲಿ. ಊಟಕ್ಕೆ ರಾಗಿ ಮುದ್ದೆ ಇಟ್ಟಳು. ಅಗಿಯಬಾರದಂತೆ, ನುಂಗಬೇಕಂತೆ. ಅಗಿಯದೆ ನುಂಗುವುದು ಹಾವಿನ ಪದ್ಧತಿ. ಜೋಳದ ರೊಟ್ಟಿ ಬಡಿಯಲಿಕ್ಕೆ ಬರ್ತದೇನು ಅಂತ ಕೇಳಿದರೆ, "ಜೋಳ ದನಕ್ಕಾಕ್ತೀವಿ" ಅಂದಳು. ಉಪವಾಸ ಮಲಗಿದೆ.

ಜುಲೈ ೨

ಎರಡನೇ ವರ್ಷದ ಒಂಬತ್ತು ಹೆಂಗಸರು ನನ್ನ ಪಾಲಿಗೆ ಬಿದ್ದಿದ್ದಾರೆ. ಇವರಿಗೆ ನಾನು 'ಮಕ್ಕಳಿಗೆ ಕಥೆ ಹೇಳುವುದು' ಎಂಬ ಪಾಠ ಕಲಿಸಬೇಕು. ಇಷ್ಟು ದಿನ ಹೇಗೆ ಕಲಿತಿರಿ ಅಂದರೆ ಒಬ್ಬೊಬ್ಬಳೂ ಎದ್ದು ನಿಂತು ವಾಚನದ ಪುಸ್ತಕದ ನೀತಿಕಥೆಯನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಶಾಲೆಗೆ ಅಂಟಿಕೊಂಡೇ ಇರುವ ಮಾದರಿ ಶಾಲೆಯ ಎರಡನೇ ಕ್ಲಾಸಿನ ಮಕ್ಕಳನ್ನು ಕರೆಸಿ ಕೂಡಿಸಿದ್ದೆ. 'ಆದ್ದರಿಂದ ಮಕ್ಕಳೇ' ಅನ್ನುವ ಹೊತ್ತಿಗೆ ಅರ್ಧ ಮಕ್ಕಳು ನಿದ್ದೆ.

ಪುಸ್ತಕ ಮುಚ್ಚಿಸಿದೆ. "ಇನ್ನ ಮ್ಯಾಲ ನಿಮ್ಮ ಕಥಿ ನೀವೇ ಬರೀಬೇಕು" ಅಂದೆ. ಒಂಬತ್ತು ಬಾಯಿ ತೆರೆದವು.

ಕಿಟಕಿಯಾಚೆ ಈ ಊರಿನ ಬೆಟ್ಟ. ಬಂದಾಗಿನಿಂದ ನನ್ನ ಗಾಳಿಗೆ ಅಡ್ಡ ನಿಂತಿದೆ. ಇವತ್ತು ಅದೊಂದು ಉಪಯೋಗಕ್ಕೆ ಬಂತು. ಬೋರ್ಡಿನ ಮೇಲೆ ಅದನ್ನೇ ಗೀಚಿದೆ. ತಪ್ಪಲಿನಲ್ಲಿ ಒಬ್ಬರು, ಅವರಿಗೆ ಏನೋ ಬೇಕು. ಹತ್ತುವಾಗ ಅಡ್ಡಿ. ಅದನ್ನು ದಾಟಿದರೆ ಇನ್ನೂ ದೊಡ್ಡ ಅಡ್ಡಿ. ತುದಿಯಲ್ಲಿ 'ಇನ್ನು ನನ್ನ ಕೈಲಾಗದು' ಅನ್ನುವ ಗಳಿಗೆ. ಅಲ್ಲಿ ಗಂಟು ಬಿಚ್ಚಬೇಕು. ಆಮೇಲೆ ಇಳಿಜಾರು, ಬೇಗ ಇಳಿದುಬಿಡಬೇಕು.

ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಕಪ್ಪಗೆ, ಗಟ್ಟಿ ಮೂಳೆಯವಳು, ಇಪ್ಪತ್ತರ ಸುಮಾರು.

"ಅಮ್ಮಾರೆ, ಆ ಬೆಟ್ಟಾನ ಯಾರೂ ಅಂಗೆ ನೆಟ್ಟಗೆ ಅತ್ತಲ್ಲ. ಮದ್ಯದಾಗೆ ಕೂತ್ಕಂಡು ಎಲಡಿಕೆ ಆಕ್ಕಂತಾರೆ."

ಎಲ್ಲರೂ ನಕ್ಕರು.

"ಕಥಿಯೊಳಗ ಕೂತು ಎಲಡಿಕಿ ಹಾಕಿದ್ರ ಕೇಳೋ ಹುಡುಗರು ಎದ್ದು ಹೋಗ್ತಾರ. ಕೂಡು" ಅಂದೆ.

ಹೆಸರು ಆದಿಲಕ್ಷ್ಮಿ. ಇಲ್ಲೇ ಹತ್ತಿರದ ರೊಳ್ಳ ಎಂಬ ಊರಿನವಳು. ಗಂಡ ಸತ್ತ ಮೇಲೆ ಭಾವನ ಮನೆಯಲ್ಲಿ ಹಟ್ಟಿಯ ಸಗಣಿ ಬಾಚಿಕೊಂಡಿದ್ದವಳು. ಆ ಭಾವ ದೊಡ್ಡರಂಗಪ್ಪ ಎಂಬಾತ ಈ ಊರಿನಲ್ಲಿ ಕಡ್ಲೇಕಾಯಿ ಮಂಡಿ ಇಟ್ಟಿದ್ದಾನಂತೆ, ತಾಲ್ಲೂಕು ಬೋರ್ಡಿನ ಮೆಂಬರು. ಶಾಲೆಗಳಿಗೆ ಹೆಣ್ಣು ಮೇಷ್ಟ್ರು ಸಿಗುತ್ತಿಲ್ಲ, ವಿಧವೆಯರನ್ನು ಓದಿಸಿ, ಮೊದಲು ಮೆಂಬರುಗಳ ಮನೆಯಿಂದಲೇ ಆಗಲಿ ಅಂತ ಮೇಲಿನವರು ಅಂದಿದ್ದಕ್ಕೆ, ಇವಳನ್ನು ದಬ್ಬಿ ಕಳಿಸಿದ್ದಾನೆ. ಹೀಗೆ ಬಂದ ಸರಕು ಹೀಗೇ ಇರುತ್ತದೆ.

ಜುಲೈ ೧೬

ಒಂಬತ್ತು ಕಥೆ ಓದಿದೆ. ತಲೆ ನೋವು. ಎಂಟರಲ್ಲಿ ಕೊನೆಗೆ ದೇವರು ಬರುತ್ತಾನೆ. ಆನೆ ಕೆಸರಿನಲ್ಲಿ ಹೂತರೆ ದೇವರು, ಗಿಳಿಯ ಕಾಲು ಮುರಿದರೆ ದೇವರು. "ದೇವರಿಗೆ ಬ್ಯಾರೆ ಕೆಲಸ ಐತಿ. ಕಥಿಯೊಳಗ ಯಾರು ಸಿಕ್ಕಿಬಿದ್ದಾರೋ ಅವರೇ ಬಿಡಿಸ್ಕೋಬೇಕು" ಅಂತ ಎಂಟಕ್ಕೂ ಕೆಂಪು ಗೀಟು ಎಳೆದೆ.

ಒಂಬತ್ತನೆಯದು ಆದಿಲಕ್ಷ್ಮಿಯದು. ಕರು ಒಂದು ಹಿಂಡು ಬಿಟ್ಟು ಹೋಯಿತು. ಹುಲಿ ಬಂತು. ತಿಂತು. ಅಷ್ಟೇ.

"ಕೊನೆ ಎಲ್ಲಿ?"

"ಉಲಿ ತಿಂದ್ಮೇಲೆ ಕರು ಎಲ್ಲೈತೆ ಅಮ್ಮಾರೆ? ಇನ್ನೇನು ಬರೀಲಿ?"

ಸೊನ್ನೆ ಕೊಟ್ಟೆ. ಅದನ್ನೇ ಅವಳು ಮಾದರಿ ಶಾಲೆಯ ಮಕ್ಕಳಿಗೆ ಹೇಳಿದಳು. ಒಂದೂ ನಿದ್ದೆ ಮಾಡಲಿಲ್ಲ. ಒಂದು ಅತ್ತಿತು. ಅತ್ತ ಮಗುವೇ ಇನ್ನೊಂದು ಸಲ ಹೇಳು ಅಂತ ಸೆರಗು ಜಗ್ಗಿತು. ಮಕ್ಕಳಿಗೂ ಬುದ್ಧಿಯಿಲ್ಲ.

ಜುಲೈ ೧೭

ಮುದ್ದೆ. ಗಾಳಿ ಇಲ್ಲ. ಬೆಟ್ಟ.

ಆಗಸ್ಟ್ ೯

ರಾಯದುರ್ಗದ ಜಾಗ ಇನ್ನೂ ಖಾಲಿ ಇದೆ ಅಂತ ಉಜ್ಜಿನಪ್ಪ ಬರೆದಿದ್ದಾನೆ. ಹೋದ ವಾರವೇ ವರ್ಗಕ್ಕೆ ಅರ್ಜಿ ಬರೆದು ಕೊಟ್ಟೆ. ನರಸಿಂಹಯ್ಯ ಅದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ನಶ್ಯದ ಡಬ್ಬಿ ಇಟ್ಟ. ಇವತ್ತು ಹೋಗಿ ನೋಡಿದರೆ ಡಬ್ಬಿ ಹಾಗೇ ಇದೆ.

"ನೀವು ಹೆಂಗಸರ ಹತ್ರ ಕಥೆ ಕಟ್ಟಿಸ್ತಿದೀರಂತೆ. ಸಿಲಬಸ್ಸಿನಲ್ಲಿ ಕಥೆ ಹೇಳೋದು ಅಂತಿದೆ, ಕಟ್ಟೋದು ಅಂತಿಲ್ಲ" ಅಂದ.

"ಕಟ್ಟಾಕ ಬರದವರಿಗೆ ಹೇಳಾಕ ಬರಾಂಗಿಲ್ರಿ" ಅಂದೆ. ಅನ್ನಬಾರದಿತ್ತು. ಡಬ್ಬಿ ಇನ್ನೊಂದು ತಿಂಗಳು ಅಲ್ಲೇ ಕೂಡುತ್ತದೆ.

ಸೆಪ್ಟೆಂಬರ್ ೨೧

ಆದಿಲಕ್ಷ್ಮಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಅವಳ ಹೊಸ ಕಥೆ ಹೀಗಿದೆ. ಬೇಲಿಯ ಮೇಲೊಂದು ಓತಿಕ್ಯಾತ. ಬೇಲಿಯಾಚೆ ಹೊಲದಲ್ಲಿ ಚೆಲ್ಲಿದ ಕಾಳು, ಈಚೆ ಹಸಿದ ಇರುವೆಗಳು. 'ನಾನು ತಲೆಯಾಡಿಸಿ ಹೂಂ ಅನ್ನೋ ತನಕ ಒಬ್ಬರೂ ದಾಟಕೂಡದು' ಅನ್ನುತ್ತದೆ ಓತಿಕ್ಯಾತ. ಹಿರೀ ಇರುವೆ ಕೈಮುಗಿಯಿತು, ಬಿಡಲಿಲ್ಲ. ಗರ್ಭಿಣಿ ಇರುವೆ ಬೇಡಿಕೊಂಡಿತು, ಬಿಡಲಿಲ್ಲ. ಮರಿ ಇರುವೆ ಹಸಿವಿಗೆ ಬಿದ್ದುಬಿಟ್ಟಿತು. ಆಗಲೂ ಬಿಡಲಿಲ್ಲ. ಮುಗಿಯಿತು.

ಏರಿಕೆ ಸರಿಯಾಗಿದೆ. ಒಂದಕ್ಕಿಂತ ಒಂದು ಬಿಗಿ. ತುದಿಗೆ ಹತ್ತಿಸಿ ಅಲ್ಲೇ ಬಿಟ್ಟು ಬಂದಿದ್ದಾಳೆ.

"ಬಿಡಿಸು" ಅಂದೆ.

"ಅವ್ನು ಬಿಡಲ್ಲ ಅಮ್ಮಾರೆ. ಬೇಲಿ ಮ್ಯಾಲೆ ಕೂತೋನು ಬಿಟ್ಟಿದ್ದುಂಟಾ?"

"ಹದ್ದನ್ನ ಕರೆಸಿ ತಿನ್ನಿಸಬ್ಯಾಡ. ಮಳಿ ಬರಿಸಿ ಬೇಲಿ ಕೆಡವಬ್ಯಾಡ. ಆ ಗಂಟು ಯಾವ ದಾರದ್ದೋ ಅದೇ ದಾರದಿಂದ ಬಿಚ್ಚು. ಅದರ ಗುಣಾನೇ ಅದನ್ನ ಸೋಲಿಸಬೇಕು. ಹೋಗು."

ಹರಿದು ಕೊಟ್ಟೆ. ಇದು ಮೂರನೇ ಸಲ. ನನ್ನನ್ನು ಅವಳು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

ಅಕ್ಟೋಬರ್ ೪

ತಂದಳು. ಮೇಜಿನ ಮೇಲೆ ಒಗೆದು ಹೋದಳು.

ಓತಿಕ್ಯಾತ ತಲೆಯಾಡಿಸಿದರೆ ಮಾತ್ರ ದಾಟಬೇಕು ತಾನೆ? ಮೂರ್ಛೆ ತಿಳಿದೆದ್ದ ಮರಿ ಇರುವೆ ಬೇಲಿಯ ಬುಡದಲ್ಲಿ ಮಲಗಿದ್ದಲ್ಲಿಂದಲೇ ಮೇಲೆ ನೋಡುತ್ತದೆ. ಓತಿಕ್ಯಾತ ಸುಮ್ಮನೆ ಕೂತಾಗಲೂ ತಲೆಯಾಡಿಸುತ್ತಲೇ ಇರುತ್ತದೆ! ನಿಲ್ಲಿಸಲಿಕ್ಕೆ ಅದಕ್ಕೆ ಬರುವುದೇ ಇಲ್ಲ. 'ಸ್ವಾಮೀ, ಹೂಂ ಅಂದ್ರಿ, ಹೋಗಿ ಬರ್ತೀವಿ' ಅನ್ನುತ್ತದೆ ಮರಿ. ಓತಿಕ್ಯಾತ ಸಿಟ್ಟಿಗೇಳುತ್ತದೆ. ಸಿಟ್ಟಿಗೆದ್ದಷ್ಟೂ ತಲೆ ಜೋರಾಗಿ ಆಡುತ್ತದೆ. ಸಾಲು ಸಾಲು ಇರುವೆ ಕೆಳಗೆ ದಾಟಿ ಹೋಗುತ್ತವೆ.

ಹತ್ತಕ್ಕೆ ಆರು ಕೊಟ್ಟೆ. ಕಾಗುಣಿತ ಕೆಟ್ಟದಾಗಿದೆ.

ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗ ಒಮ್ಮೆಲೇ ನಗು ಬಂದುಬಿಟ್ಟಿತು. "ಏನಾತ್ರಮ್ಮಾ?" ಅಂತ ಮೈಲಾರಮ್ಮ ಹೊರಗಿನಿಂದ ಕೂಗಿದಳು. ಹಲ್ಲುನೋವು ಅಂದೆ. ಲವಂಗ ತಂದುಕೊಟ್ಟಳು. ಬೇಡ ಅನ್ನಲಾಗದೆ ಕಚ್ಚಿಕೊಂಡು ಕೂತೆ.

ಡಿಸೆಂಬರ್ ೧೭

ಮೋಸ ಹೋದೆ.

ಮಾದರಿ ಶಾಲೆಯ ಮಕ್ಕಳು ಕೋಟೆ ಕೇರಿಯಿಂದ ಬರಲು ಕಡ್ಲೇಕಾಯಿ ಮಂಡಿಯ ಅಂಗಳವೇ ಹತ್ತಿರದ ದಾರಿ. ಸುಗ್ಗಿ ಬಂದದ್ದೇ ದೊಡ್ಡರಂಗಪ್ಪ ಆ ದಾರಿ ಕಟ್ಟಿಸಿದ್ದಾನೆ. ಮಕ್ಕಳು ಕಾಯಿ ಆಯ್ದು ತಿನ್ನುತ್ತವಂತೆ. ಊರು ಸುತ್ತಿ ಬರಬೇಕಾಗಿ ದಿನಾ ತಡ. ಇವತ್ತು ಬೆಳಿಗ್ಗೆ ನಾನು ಆ ಕಡೆಯಿಂದಲೇ ಬರುತ್ತಿದ್ದೆ. ಕಟ್ಟೆಯ ಮೇಲೆ ಬಿಳೀ ರುಮಾಲಿನ ಭಾರೀ ಆಳು ಕೂತಿದ್ದ. ಮಾತಾಡದಿದ್ದರೂ ತಲೆ ತನ್ನಷ್ಟಕ್ಕೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಯಾವುದೋ ಹಳೇ ಚಾಳಿ. ದೊಡ್ಡರಂಗಪ್ಪನನ್ನು ನಾನು ಕಣ್ಣಾರೆ ಕಂಡದ್ದು ಇದೇ ಮೊದಲು.

ಬೇಲಿಯ ಮೇಲಿನ ಓತಿಕ್ಯಾತವೇ. ಅಷ್ಟರಲ್ಲಿ ಮಕ್ಕಳ ಹಿಂಡು ಬಂತು. ಆದಿಲಕ್ಷ್ಮಿಯ ಓತಿಕ್ಯಾತದ ಕಥೆ ಕೇಳಿದ್ದ ಎರಡನೇ ಕ್ಲಾಸಿನವೇ. ಎಲ್ಲಾ ಒಟ್ಟಿಗೆ ಕೈಮುಗಿದು, "ಸ್ವಾಮೀ, ಹೂಂ ಅಂದ್ರಿ, ಹೋಗಿ ಬರ್ತೀವಿ!" ಅಂದವೇ ಅಂಗಳದೊಳಗೆ ನುಗ್ಗಿ ಆಚೆ ಹಾರಿದವು. ಆತ ಎದ್ದು ನಿಂತು ಬೈದ. ಬೈದಷ್ಟೂ ತಲೆ ಆಡಿತು. ಮೂಟೆ ಹೊರುವ ಹಮಾಲಿಗಳು ಮುಖ ತಿರುಗಿಸಿಕೊಂಡರು.

ಆದಿಲಕ್ಷ್ಮಿಯನ್ನು ನಿಲ್ಲಿಸಿ ಕೇಳಿದೆ. "ನಿಮ್ಮ ಭಾವನ್ನೇ ಬರದೀಯೇನು?"

"ಬೇಲಿ ಮ್ಯಾಲಿನ ಓತಿಕ್ಯಾತ ಬರ್ದೆ."

"ಸುಳ್ಳು ಹೇಳಬ್ಯಾಡ."

"ಏನ್ ಕೇಳಿದ್ರೂ ಆವಯ್ಯ ತಲೆ ಆಡಿಸ್ತಿತ್ತು ಅಮ್ಮಾರೆ. ತವರಿಗೋಗಿ ಬತ್ತೀನಿ ಅಂದ್ರೆ ಆಡಿಸ್ತು. ಗಂಟು ಕಟ್ಕಂಡು ಬಾಗಿಲಿಗೆ ಬಂದ್ರೆ ಎಲ್ಲಿಗೇ ಅಂತ ಒಡೀತು. ನಾಕು ವರ್ಸ ಆ ತಲೆ ನೋಡ್ಕಂಡು ಬದುಕಿವ್ನಿ."

ನನಗೆ ಒಂದು ಮಾತು ಹೇಳಬೇಡವೇ? ನಾನು ದಾರ, ಗಂಟು ಅಂತ ಪಾಠ ಮಾಡುತ್ತಿದ್ದೆ. ಇವಳು ಅದರಲ್ಲಿ ಹಗ್ಗ ಹೊಸೆಯುತ್ತಿದ್ದಳು. ಅದು ನನ್ನ ಕೊರಳಿಗೂ ಬೀಳುತ್ತದೆ. ರಾಯದುರ್ಗ ಹೋಯಿತು.

೧೯೨೯ ಜನವರಿ ೧೧

ದೊಡ್ಡರಂಗಪ್ಪ ಬಂದ. ಹಿಂದೆ ಇಬ್ಬರು ಆಳು, ಮುಂದೆ ಓಡುತ್ತಾ ನರಸಿಂಹಯ್ಯ. ನೇರವಾಗಿ ನನ್ನ ಕ್ಲಾಸಿಗೆ.

"ಏನಮ್ಮಾ ರಾಯದುರ್ಗದೋರು, ನಮ್ಮೂರ ಮಕ್ಳಿಗೆ ಏನ್ ಏಳ್ಕೊಡ್ತಾ ಇದೀರಾ?"

"ಕಥಿ ಹ್ಯಾಂಗ ಕಟ್ಟಬೇಕು ಅಂತ ಹೇಳಿಕೊಡ್ತೀನ್ರಿ."

"ನನ್ನ ಮ್ಯಾಲೆ ಕಟ್ಟಿಸಿದೀರಾ! ಬೀದೀಲಿ ಓಗಂಗಿಲ್ಲ, ಬರಂಗಿಲ್ಲ. ಚೋಟುದ್ದ ಮಕ್ಳು ಕೈಮುಗೀತವೆ!"

"ಕಥಿಯೊಳಗ ನಿಮ್ಮ ಹೆಸರು ಎಲ್ಲಿ ಐತ್ರಿ? ಅದರಾಗ ಇರೋದು ಒಂದು ಓತಿಕ್ಯಾತ. ಅದು ನಾನೇ ಅಂತ ತಾವು ಒಪ್ಪಿ ಬರಕೊಟ್ರ ವಿಚಾರ ಮಾಡೋಣು."

ಆತನ ತಲೆ ಜೋರಾಗಿ ಆಡತೊಡಗಿತು. ಒಬ್ಬಳೂ ನಗಲಿಲ್ಲ. ಎಂಟು ಜನ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಒಂಬತ್ತನೆಯವಳು ಆತನ ತಲೆಯನ್ನೇ ನೋಡುತ್ತಿದ್ದಳು.

ಆತ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದ. ದನಿ ತಗ್ಗಿತು. ಅದೇ ಹೆಚ್ಚು ಹೆದರಿಕೆ.

"ಆದಿಲಕ್ಷ್ಮೀ, ಗಂಟು ಕಟ್ಟು. ಓದಿದ್ದು ಸಾಕು. ರೊಳ್ಳದಾಗೆ ಅಟ್ಟಿ ತುಂಬಾ ಸಗಣಿ ಬಿದ್ದೈತೆ, ಬಾಚೋರಿಲ್ಲ."

ನನಗೆ ಎದುರಾಡುವ ಆ ಹುಡುಗಿ ಮಾತಿಲ್ಲದೆ ಎದ್ದಳು. ಎದ್ದು, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು. ನಾಲ್ಕು ವರ್ಷದ ಅಭ್ಯಾಸ ಕಾಲಿನಲ್ಲಿ ಇರುತ್ತದೇನೋ.

"ಕೂಡು" ಅಂದೆ. "ಪಾಠ ಮುಗಿದಿಲ್ಲ."

ನನ್ನನ್ನು ನೋಡಿದಳು, ಆತನನ್ನು ನೋಡಿದಳು. ಕೂತಳು.

ನನ್ನ ಕ್ಲಾಸಿನಲ್ಲಿ ನನ್ನ ಅಪ್ಪಣೆಯಿಲ್ಲದೆ ಯಾರೂ ಏಳಕೂಡದು, ಅದಕ್ಕೆ ಹೇಳಿದೆ. ಬೇರೆ ಏನೂ ಇಲ್ಲ. ನರಸಿಂಹಯ್ಯ ಹೊರಗೆ ಆತನ ಕೈ ಹಿಡಿದುಕೊಂಡು ತಿಂಗಳೊಳಗೆ ಎಲ್ಲಾ ಸರಿಮಾಡ್ತೀನಿ, ಆಕೆಯನ್ನು ನಾನೇ ಮನೆಗೆ ತಲುಪಿಸ್ತೀನಿ ಅಂತ ಮಾತು ಕೊಟ್ಟ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ.

ಜನವರಿ ೧೪

ನರಸಿಂಹಯ್ಯ ಕರೆಸಿ ಕುರ್ಚಿ ಕೊಟ್ಟ. ಏಳು ತಿಂಗಳಲ್ಲಿ ಮೊದಲ ಸಲ ಕುರ್ಚಿ. ಒಂದು ಕಾಗದ ಮುಂದಿಟ್ಟ. ಆದಿಲಕ್ಷ್ಮಿ ಎಂಬ ವಿದ್ಯಾರ್ಥಿನಿ ನನ್ನ ಮಾತು ಮೀರಿ, ಗಣ್ಯರ ಮಾನ ಕಳೆಯುವ ಕಥೆ ಕಟ್ಟಿ ಮಕ್ಕಳಿಗೆ ಹೇಳಿದ್ದಾಳೆ, ಅವಳನ್ನು ತೆಗೆದುಹಾಕಲು ನನ್ನ ಅಡ್ಡಿಯಿಲ್ಲ ಅಂತ.

"ಸಹಿ ಹಾಕಿ. ಮುಂದಿನ ತಿಂಗಳು ರಾಯದುರ್ಗದಲ್ಲಿರ್ತೀರಿ" ಅಂದ. ನಶ್ಯದ ಡಬ್ಬಿ ಎತ್ತಿ ನನ್ನ ಅರ್ಜಿಯನ್ನು ಹೊರತೆಗೆದು ತೋರಿಸಿದ.

ಓದಿ ಹಾಕ್ತೀನಿ ಅಂತ ಮನೆಗೆ ತಂದಿದ್ದೇನೆ. ಯಾಕ ಹಾಕಬಾರದು? ಹುಡುಗಿ ನನ್ನನ್ನು ಕೇಳಿ ಬರೆದಳೇ? ನನಗೆ ಅವಳಿಂದ ಆದದ್ದು ತಲೆನೋವು ಒಂದೇ. ನಾಳೆ ಹಾಕಿ ಕೊಡುತ್ತೇನೆ.

ಜನವರಿ ೧೫

ಕಾಗದದಲ್ಲಿ 'ಉಪಾಧ್ಯಾಯಿನಿ' ಎಂಬುದನ್ನು ತಪ್ಪು ಬರೆದಿದ್ದಾನೆ. ತಪ್ಪಿರುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಅಂತ ಹಿಂದಕ್ಕೆ ಕೊಟ್ಟೆ.

ಜನವರಿ ೧೬

ತಿದ್ದಿ ತಂದ. ಮಸಿ ತೆಳ್ಳಗಿತ್ತು. ಹಾಕಲಿಲ್ಲ.

ಜನವರಿ ೧೮

"ಹಾಕ್ತೀರೋ ಇಲ್ಲೋ?" ಅಂತ ಕೇಳಿದ. ಇಲ್ಲ ಅಂದೆ. ಯಾಕೆ ಅಂದ. ಕಥೆಯ ಕಟ್ಟು ಸರಿಯಿದೆ, ಸರಿಯಿರುವುದನ್ನು ತಪ್ಪು ಅಂತ ಬರೆದುಕೊಡಲಿಕ್ಕೆ ನಾನು ನಲವತ್ತು ದಾಟಿದ ಮೇಲೆ ಕಲಿಯಲಾರೆ ಅಂದೆ. ಹಾಗಾದರೆ ಅನಂತಪುರದಿಂದ ಇನ್ಸ್‌ಪೆಕ್ಟ್ರೆಸ್ ಬರುತ್ತಾರೆ, ಅವರ ಮುಂದೆ ಹೇಳಿಕೊಳ್ಳಿ ಅಂದ.

ಹಠಕ್ಕೆ ಮದ್ದಿಲ್ಲ ಅಂತ ಅಮ್ಮ ಬೈಯುತ್ತಿದ್ದಳು. ನಿಜ.

ಫೆಬ್ರವರಿ ೬

ಇನ್ಸ್‌ಪೆಕ್ಟ್ರೆಸ್ ಬಂದಿದ್ದರು. ತೆಲುಗಿನವರು, ಬಿಳೀ ಸೀರೆ, ನಗುವ ಮುಖವಲ್ಲ. ದೊಡ್ಡರಂಗಪ್ಪನಿಗೆ ಕುರ್ಚಿ ಹಾಕಿದ್ದರು. ಎರಡನೇ ಕ್ಲಾಸಿನ ಒಂದು ಹೆಣ್ಣುಮಗುವನ್ನು ಕರೆದು ಕಥೆ ಹೇಳಿಸಿದರು. ಮಗು ಪೂರ್ತಿ ಹೇಳಿತು, ಒಂದು ಗಂಟೂ ತಪ್ಪಲಿಲ್ಲ. ಕೊನೆಯಲ್ಲಿ ತಲೆಯಾಡಿಸಿಯೂ ತೋರಿಸಿತು. ಮಂಡಿಯ ಧಣಿ ಕುರ್ಚಿಯಲ್ಲಿ ಕೂತು ಹಾಗೇ ಆಡಿಸುತ್ತಿದ್ದ. ಇನ್ಸ್‌ಪೆಕ್ಟ್ರೆಸ್ ಒಂದು ಸಲ ಅತ್ತ ನೋಡಿ ಕರವಸ್ತ್ರ ತೆಗೆದು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು.

"ಈ ಕಥ ಎವರಿದಿ?" ಅಂತ ಕೇಳಿದರು. ಯಾರದು ಈ ಕಥೆ?

ಆದಿಲಕ್ಷ್ಮಿ ಏಳುವುದು ಕಂಡಿತು. ಅವಳು ನನ್ನದು ಅಂದರೆ ಇವತ್ತೇ ರೊಳ್ಳದ ಗಾಡಿ.

"ನಾದೇನಂಡಿ" ಅಂದೆ. ನನ್ನದೇ. ಪಾಠಕ್ಕಂತ ನಾನು ಕಟ್ಟಿ, ಕೊನೆಯನ್ನೂ ನಾನೇ ಮಾಡಿ ಬರೆಸಿದ್ದು. ಆ ಹುಡುಗಿಗೆ ಒಪ್ಪಿಸಲು ಹೇಳಿದ್ದೆ, ಒಪ್ಪಿಸಿದಳು.

ತೀರ್ಪು ಮಧ್ಯಾಹ್ನಕ್ಕೆ ಬಂತು. ಆ ಕಥೆಯನ್ನು ಶಾಲೆಯಲ್ಲಿ ಹೇಳಕೂಡದು. ವಿದ್ಯಾರ್ಥಿನಿಯ ತಪ್ಪಿಲ್ಲ, ಪರೀಕ್ಷೆಗೆ ಕೂಡಬಹುದು. ದ್ರಾಕ್ಷಾಯಣಮ್ಮನವರಿಗೆ ಎರಡು ವರ್ಷ ಈ ಊರಿನಿಂದ ವರ್ಗವಿಲ್ಲ.

ಉಜ್ಜಿನಪ್ಪನಿಗೆ ಬರೆಯಬೇಕು, ಮಹಡಿ ಕೋಣೆ ಬಾಡಿಗೆಗೆ ಕೊಡು ಅಂತ. ಆಮೇಲೆ ಬರೆಯುತ್ತೇನೆ. ಇವತ್ತು ಬೇಡ.

ಫೆಬ್ರವರಿ ೭

ಉಪಕಾರ ಸ್ಮರಣೆ ಇಲ್ಲದ ಜಾತಿ.

ಬೆಳಿಗ್ಗೆ ಆದಿಲಕ್ಷ್ಮಿ ಮೈಲಾರಮ್ಮನ ಮನೆಗೇ ಬಂದಳು. ನಾನು ಮುದ್ದೆ ಮುರಿಯುತ್ತಿದ್ದೆ. ಕಾ‌ಲಿಗೆ ಬೀಳಲು ಬಂದಳೇನೋ ಅಂದುಕೊಂಡೆ. ಬಾಗಿಲಲ್ಲೇ ನಿಂತಳು.

"ನಿಮ್ಮನ್ನ ಯಾರು ಕೇಳಿದ್ರು ಅಂಗನ್ನಿ ಅಂತ?"

"ಅನ್ನದಿದ್ರೆ ನೀ ಇಷ್ಟೊತ್ತಿಗೆ ಹಟ್ಟಿ ಬಾಚ್ತಿದ್ದೆ."

"ಬಾಚ್ತಿದ್ದೆ. ಬಾಚೋದು ನಂಗೆ ಒಸದಲ್ಲ." ಉಸಿರು ತೆಗೆದುಕೊಂಡಳು. "ಮೂರು ಸಲ ಅರಿದ್ರಿ. ದೇವ್ರು ಬ್ಯಾಡ ಅಂದ್ರಿ, ಮಳೆ ಬ್ಯಾಡ ಅಂದ್ರಿ, ಯಾರು ಸಿಕ್ಕಾಕ್ಕೊಂಡವ್ರೋ ಅವ್ರೇ ಬಿಡಿಸ್ಕಬೇಕು ಅಂದ್ರಿ. ನಾಕನೇ ಸಲ ಆ ಕೊನೆ ನಾನೇ ಕಂಡ್ಕಂಡೆ. ಉಟ್ಟಿದಾಗಿನಿಂದ ನನ್ನದು ಅಂತ ನಾನೇ ಮಾಡ್ಕಂಡಿದ್ದು ಅದೊಂದೇಯ. ಅದ್ನೂ ತಗಂಡ್ರಿ. ಎಲ್ರ ಮುಂದೆ."

ನೀನು ಬಿಡಿಸಿಕೊಳ್ಳಲಿಲ್ಲ, ನಾನು ಬಿಡಿಸಬೇಕಾಯಿತು ಅಂತ ಅನ್ನಬೇಕಿತ್ತು. ಅವಳು ಕಾಯಲಿಲ್ಲ.

ಮುದ್ದೆ ಆರಿಹೋಗಿತ್ತು. ಮೈಲಾರಮ್ಮ ತೆಗೆದುಕೊಂಡು ಹೋಗಿ ಇನ್ನೊಂದು ಬಿಸಿಯದು ಇಟ್ಟಳು, ಹುರುಳಿ ಸಾರು ಬಿಟ್ಟಳು. "ಉಣ್ಣಿ, ಉಣ್ಣಿ. ಚಿಕ್ಕ ವಯಸ್ಸು ಅದಕ್ಕೆ" ಅಂದಳು. ಯಾರದು ಚಿಕ್ಕ ವಯಸ್ಸು ಅಂತ ಕೇಳಲಿಲ್ಲ. ಉಂಡೆ.

ಫೆಬ್ರವರಿ ೨೬

ಕ್ಲಾಸಿನಲ್ಲಿ ಅವಳು ನನ್ನ ಜೊತೆ ಮಾತಾಡುವುದಿಲ್ಲ. ಕಥೆ ಬರೆ ಅಂದರೆ ವಾಚನದ ಪುಸ್ತಕದ ನೀತಿಕಥೆಯನ್ನು ಅಚ್ಚುಕಟ್ಟಾಗಿ ನಕಲು ಮಾಡಿ ಕೊಡುತ್ತಾಳೆ. ಕಾಗುಣಿತ ತಪ್ಪಿಲ್ಲ. ಏನೂ ತಪ್ಪಿಲ್ಲ. ಎಷ್ಟು ಅಂಕ ಕೊಡುವುದು ಇದಕ್ಕೆ?

ಮಾರ್ಚ್ ೧೫

ಇವತ್ತೂ ನಕಲು.

ಏಪ್ರಿಲ್ ೩೦

ಪರೀಕ್ಷೆ ಮುಗಿಯಿತು. ಬೆಟ್ಟದ ಕಡೆಯಿಂದ ಸಂಜೆ ಒಳ್ಳೇ ಗಾಳಿ ಬೀಸುತ್ತದೆ, ಕಿಟಕಿ ತೆಗೆದಿಟ್ಟು ಪತ್ರಿಕೆ ತಿದ್ದಿದೆ.

ಮೇ ೨೮

ಒಂಬತ್ತರಲ್ಲಿ ಏಳು ಪಾಸು. ಆದಿಲಕ್ಷ್ಮಿ ಪಾಸು. ಎಲ್ಲಿಗೆ ಹಾಕಿದ್ದಾರೆ ಅಂತ ಪಟ್ಟಿ ನೋಡಿದೆ. ರೊಳ್ಳ, ಹೊಸ ಹೆಣ್ಣುಮಕ್ಕಳ ಶಾಲೆ.

ಇದು ದೊಡ್ಡರಂಗಪ್ಪನ ಕೆಲಸ. ನಿನ್ನೆ ಮಂಡಿ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅಂದನಂತೆ, "ನಮ್ಮೂರಿಗೇ ಬರ್ಲಿ ಬುಡ್ರಯ್ಯ. ಒಂದು ಮಗೂನೂ ಶಾಲೆ ಮೆಟ್ಲು ಅತ್ತಲ್ಲ. ಬೋರ್ಡು ತಾನೇ ಮುಚ್ಚುತ್ತೆ. ಆಮೇಲೆ ಅಟ್ಟಿ ಐತಲ್ಲ" ಅಂತ. ಮೈಲಾರಮ್ಮ ಎಣ್ಣೆ ತರಲು ಹೋದವಳು ಕೇಳಿಸಿಕೊಂಡು ಬಂದು ಹೇಳಿದಳು.

ಆತನಿಗೆ ಕಥೆಯ ಕಟ್ಟು ನನಗಿಂತ ಚೆನ್ನಾಗಿ ಗೊತ್ತು. ಎಲ್ಲಿ ಬಿಗಿಯಬೇಕೋ ಅಲ್ಲೇ ಬಿಗಿದಿದ್ದಾನೆ.

ಜೂನ್ ೮

ಹೊಸ ಮೇಷ್ಟ್ರುಗಳ ಮೊದಲ ಪಾಠವನ್ನು ಕಲಿಸಿದವರು ಹೋಗಿ ನೋಡಬೇಕು ಎಂಬುದು ನಿಯಮ, ನಾಡಿದ್ದು ನಾನು ರೊಳ್ಳಕ್ಕೆ ಹೋಗಬೇಕು ಅಂತ ನರಸಿಂಹಯ್ಯನಿಗೆ ಹೇಳಿದೆ.

"ಯಾವ ನಿಯಮ? ಎಲ್ಲಿದೆ?"

"ಹುಡುಕಿ ತೋರಿಸ್ತೀನಿ. ಹೋಗಿ ಬಂದ ಮ್ಯಾಲೆ."

ಒಂದು ದಿನದ ರಜೆ ಬರೆದುಕೊಡಿ ಅಂದ. ಕೊಟ್ಟೆ. ಅವಳು ಪಾಠ ಕೆಡಿಸಿದರೆ ನನ್ನ ಹೆಸರು ಕೆಡುತ್ತದೆ. ಇನ್ನೂ ವರ್ಷಗಟ್ಟಲೆ ಈ ಊರಿನಲ್ಲಿ ಮುಖ ಎತ್ತಿಕೊಂಡು ತಿರುಗಬೇಕಲ್ಲ.

ಜೂನ್ ೧೦, ರೊಳ್ಳ

ಬೆಳಿಗ್ಗೆ ಒಂದು ಎತ್ತಿನ ಗಾಡಿ ಮಾಡಿಕೊಂಡು ಬಂದೆ. ಸಂಜೆ ಹಿಂದಿರುಗುವ ಮಾತು. ಶಾಲೆ ಅಂದರೆ ಹಳೇ ಚಾವಡಿ. ನೆಲ ಸಾರಿಸಿತ್ತು, ಇನ್ನೂ ಹಸಿ. ಆದಿಲಕ್ಷ್ಮಿ ಒಬ್ಬಳೇ ಕರೀ ಹಲಗೆಯ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಯಾಕೆ ಬಂದ್ರಿ?"

"ಪಾಠ ನೋಡಾಕೆ."

"ಮಕ್ಳಿಲ್ಲ."

ಇರಲಿಲ್ಲ. ಚಾಪೆ ಹಾಸಿದ್ದಳು, ಖಾಲಿ. ಹೊರಗೆ ಹೊಂಗೆ ಮರದ ಕೆಳಗೆ ಎಂಟು ಹತ್ತು ಹೆಣ್ಣುಮಕ್ಕಳು ನಿಂತಿದ್ದವು, ಒಬ್ಬೊಬ್ಬಳ ಕಂಕುಳಲ್ಲೂ ಒಂದೊಂದು ಕೂಸು. ಹತ್ತಿರ ಬರಲೊಲ್ಲವು. ಎದುರು ಜಗಲಿಯ ಮೇಲೆ ದೊಡ್ಡರಂಗಪ್ಪನ ಮನೆಯ ಆಳೊಬ್ಬ ಬೀಡಿ ಸೇದುತ್ತಾ ಯಾರು ಮೆಟ್ಟಿಲು ಹತ್ತುತ್ತಾರೆ ಅಂತ ಕಾವಲು ಕೂತಿದ್ದ. ಅವಳ ಓರಗಿತ್ತಿ ಇರಬೇಕು, ಒಬ್ಬಳು ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ, "ಮುಂಡೇವು, ಓದ್ತಾವಂತೆ" ಅಂದು ಒಳಗೆ ಹೋದಳು.

ಬಿಸಿಲೇರಿತು. ಆದಿಲಕ್ಷ್ಮಿ ನಿಂತೇ ಇದ್ದಳು. ಮಂಡಿಯವನು ಬಂದ ದಿನ ಬಾಗಿಲ ಕಡೆ ನಡೆದವಲ್ಲ, ಆ ಕಾಲುಗಳನ್ನೇ ನಾನು ನೋಡುತ್ತಿದ್ದೆ. ಈಗೆತ್ತಿಟ್ಟಳು, ಈಗೆತ್ತಿಟ್ಟಳು ಅನ್ನಿಸಿತು. ನನಗೆ ತಡೆಯಲಿಲ್ಲ.

"ನಿಂತ್ಕಂಡು ಏನ್ ಮಾಡ್ತೀಯ? ಪಾಠ ಶುರು ಮಾಡು."

"ಯಾರಿಗೆ?"

ಚಾಪೆಯ ಮೇಲೆ ಹೋಗಿ ಕೂತೆ. ನಲವತ್ತೆರಡು ವರ್ಷದ ಮೊಣಕಾಲು, ಮಡಚಲು ಹೊತ್ತು ಹಿಡಿಯಿತು. ಕೂತು ಬೋರ್ಡಿನ ಕಡೆ ಮುಖ ಮಾಡಿದೆ.

ಅವಳ ಸಿಟ್ಟು ಇಳಿದಿತ್ತು ಅಂತ ಹೇಳಲಾರೆ. ಗೋಡೆಗೆ ಒರಗಿ, ದನಿ ತೆಗೆದು ಶುರುಮಾಡಿದಳು.

"ಒಂದ್ ಕಡ್ಲೇಕಾಯಿ. ಅದ್ರೊಳಗೆ ಎಲ್ಡು ಬೀಜ. ಒಂದು ಅಕ್ಕ, ಒಂದು ತಂಗಿ."

ಅಂದು ನಿಲ್ಲಿಸಿದಳು. ನಮ್ಮ ಕಡೆಯಾಗಲಿ ಇವರ ಕಡೆಯಾಗಲಿ, ಕಥೆ ಹೇಳುವವರಿಗೆ ಹೂಂಗುಟ್ಟುವವರು ಒಬ್ಬರು ಬೇಕು. ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಅದು ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

"ಹೂಂ" ಅಂದೆ.

"ಕತ್ತಲೊಳಗೆ ಒಬ್ರ ಬೆನ್ನಿಗೊಬ್ರು ಅಂಟ್ಕಂಡು ಮಲಗಿದ್ವು."

"ಹೂಂ."

"ಒಂದಿನ ಮೂಟೆ ಬಾಯಿ ಬಿಚ್ತು. ಬಿತ್ತನೆಗೆ ಅರ್ಧ, ಗಾಣಕ್ಕೆ ಅರ್ಧ ಅಂತ ಧಣಿ ಏಳೋದು ಕೇಳಿಸ್ತು. ಬಿತ್ತಿದ್ರೆ ಮೊಳಕೆ. ಗಾಣಕ್ಕೋದ್ರೆ ಇಂಡಿ."

"ಹೂಂ."

"ಅಕ್ಕ ಅಂದ್ಳು, ತಂಗೀ, ಕಾಯಿ ಒಡೀತಾರೆ, ನಿನ್ನ ಒಂದ್ ಕಡೆ ನನ್ನ ಒಂದ್ ಕಡೆ ಎಸೀತಾರೆ ಅಂತ."

ಈ ಸಲ ನಾನು ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಒಂದು "ಹೂಂ" ಬಂತು. ಸಣ್ಣ ದನಿ. ತಿರುಗಿ ನೋಡಲಿಲ್ಲ. ನೋಡಿದರೆ ಓಡುತ್ತವೆ. ಅವಳೂ ನೋಡಲಿಲ್ಲ, ದನಿ ಮಾತ್ರ ಒಂಚೂರು ತಗ್ಗಿಸಿದಳು. ಕೇಳಬೇಕಾದರೆ ಹತ್ತಿರ ಬರಬೇಕು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮುಂದಿನ ಹೂಂ ಕಿಟಕಿಯಿಂದ ಬಂತು. ಅದರ ಮುಂದಿನದು ಮೆಟ್ಟಿಲಿನಿಂದ, ಎರಡು ಮೂರು ದನಿ. ಜಗಲಿಯ ಆಳು "ಏಯ್!" ಅಂತ ಕೂಗಿದ. ಒಂದು ಹುಡುಗಿ, "ಸುಮ್ಕಿರಣ್ಣ, ಕೇಳಿಸ್ತಿಲ್ಲ" ಅಂದಳು.

ಮೂಟೆಯೊಳಗೆ ಕೈ ಇಳಿಯಿತು. ಒಂದೊಂದೇ ಕಾಯಿಯನ್ನು ಸವರುತ್ತಾ ಬಂತು. ಅಕ್ಕ ತಂಗಿ ಇದ್ದ ಕಾಯಿಯನ್ನೇ ಬೆರಳು ಮುಟ್ಟಿತು, ಎತ್ತಿತು, ಹೆಬ್ಬೆರಳು ಸಿಪ್ಪೆಯ ಮೇಲೆ ಒತ್ತಿತು.

ಅಲ್ಲಿಗೆ ಬಿಟ್ಟು, ಸೀರೆ ಕೊಡವಿಕೊಂಡು, ಸೀಮೆಸುಣ್ಣ ಕೈಗೆತ್ತಿಕೊಂಡಳು.

"ಆಮ್ಯಾಕೆ ಏನಾಯ್ತು?" ಅಂತ ಯಾರೋ ಕೂಗಿದರು. ಆಮೇಲೆ ತಿಳಿಯಿತು, ಕೂಗಿದವಳು ನಾನು.

"ಕೊನೆ ಇವತ್ತು ಏಳಲ್ಲ" ಅಂದಳು ಆದಿಲಕ್ಷ್ಮಿ. ಮಕ್ಕಳ ಕಡೆ ನೋಡಿ ಹೇಳಿದಳೋ ನನ್ನ ಕಡೆ ನೋಡಿಯೋ, ಗೊತ್ತಾಗಲಿಲ್ಲ. "ನನ್ನ ಕಥೆ. ಕೊನೆ ನನ್ನತ್ರ ಐತೆ. ಬೇಕಾದೋರು ನಾಳೆ ಬರ್ರಿ. ಈಗ ಕೂತ್ಕಳ್ಳಿ, ಅ ಬರೆಯಾನ."

ಒಳಗೆ ಬಂದು ಕೂತದ್ದು ನಾಲ್ಕು ಹುಡುಗಿಯರು. ಉಳಿದವು ಮೆಟ್ಟಿಲ ಮೇಲೇ ನಿಂತವು. ಆಳು ಎದ್ದು ಧಣಿಗೆ ಸುದ್ದಿ ಮುಟ್ಟಿಸಲು ಹೋದ. ನಾಳೆ ಏನು ಮಾಡುತ್ತಾರೋ ಗೊತ್ತಿಲ್ಲ.

ಕಥೆಯಲ್ಲಿ ನಡುವೆ ಒಂದು ಕಡೆ ಜಾಳು ಇದೆ. ಹೇಳಬೇಕು.

ಸಂಜೆ ಗಾಡಿ ಬಂದು ನಿಂತಿತ್ತು. ಇವತ್ತು ಆಗಾಕಿಲ್ಲ, ನಾಳೆ ಇಸ್ಕೂಲು ಬಿಟ್ಟ ಮ್ಯಾಕೆ ಬಾರಯ್ಯ ಅಂತ ಹೇಳಿ ಕಳಿಸಿದೆ.